ಎರಡಡಿ ಮರೆ

ಮತಗಟ್ಟೆಯಲ್ಲಿ ಮತಯಂತ್ರಕ್ಕೆ ಸುತ್ತುವ ಮರೆಯ ಅಳತೆ 24 ಇಂಚು ಅಗಲ, 24 ಇಂಚು ಆಳ, 30 ಇಂಚು ಎತ್ತರ. ಮೂರು ಮಡಿಕೆಯ ಗಟ್ಟಿ ಶೀಟು, ಅಷ್ಟೇ. ಮಸ್ಟರಿಂಗ್ ದಿನ, ಅಂದರೆ ಚುನಾವಣೆ ಸಿಬ್ಬಂದಿ ಸೇರಿ ಯಂತ್ರ, ಸಾಮಾನು ಪಡೆಯುವ ದಿನ, ಕಾಲೇಜು ಮೈದಾನದ ಶಾಮಿಯಾನದಡಿ ಸಾಮಾನು ತಾಳೆ ನೋಡುವಾಗ ಎಲ್ಲರ ಕಣ್ಣೂ ಯಂತ್ರದ ನಂಬರಿನ ಮೇಲೆ, ಮತದಾರರ ಪಟ್ಟಿಯ ಮೇಲೆ. ಈ ಶೀಟನ್ನು ಬಿಚ್ಚಿ ನೋಡುವವರು ಕಡಿಮೆ. ಜಗಳೂರು, ಚನ್ನಗಿರಿ ಸೀಮೆಯ ಊರುಗಳಲ್ಲಿ ಚುನಾವಣೆ ಡ್ಯೂಟಿ ಮಾಡಿ ಬಂದವರಿಗೆ ಗೊತ್ತಿರುವ ಸಂಗತಿ ಬೇರೆ: ಆ ಎರಡು ದಿನದ ಬರವಣಿಗೆ, ಸೀಲು, ಸಹಿ, ಓಡಾಟವೆಲ್ಲ ಈ ಎರಡಡಿ ಮರೆಯನ್ನು ನೆಟ್ಟಗೆ ನಿಲ್ಲಿಸಲಿಕ್ಕೆ. ಅದನ್ನು ಸರಿಸಿ ಒಳಗೆ ಇಣುಕಲು ಬರುವವರು ಬಹಳ ಸಲ ಪುಂಡರಲ್ಲ. ಗಂಡ, ಮಗ, ಮೈದುನ, ಕೂಲಿ ಕೊಡುವ ಯಜಮಾನರು. ಅವರ ಬಾಯಲ್ಲಿ ಬೆದರಿಕೆ ಇರುವುದಿಲ್ಲ. ಸಹಾಯ ಮಾಡ್ತೀನಿ ಎಂಬ ಮಾತಿರುತ್ತದೆ.

ಮತದಾನದ ಹಿಂದಿನ ದಿನ ಬೆಳಿಗ್ಗೆಯೇ ಮಸ್ಟರಿಂಗ್. ಒಂದು ತಂಡಕ್ಕೆ ಒಬ್ಬರು ಪಿಆರ್‌ಓ (ಮತಗಟ್ಟೆಯ ಮುಖ್ಯಸ್ಥರಾದ ಪ್ರಿಸೈಡಿಂಗ್ ಆಫೀಸರ್), ಮೂವರು ಮತಗಟ್ಟೆ ಅಧಿಕಾರಿಗಳು. ಕೈಗೆ ಬಂದ ಚೀಲವನ್ನು ಅಲ್ಲೇ ನೆಲದ ಮೇಲೆ ಸುರಿದು ಎಣಿಸಬೇಕು, ಬಸ್ಸಿನಲ್ಲಿ ಎಣಿಸಿದರಾಯಿತು ಎನ್ನಬಾರದು. ಕಂಟ್ರೋಲ್ ಯೂನಿಟ್ (ಅಧಿಕಾರಿಯ ಮೇಜಿನ ಯಂತ್ರ), ಬ್ಯಾಲೆಟ್ ಯೂನಿಟ್ (ಮತದಾರರು ಗುಂಡಿ ಒತ್ತುವ ಯಂತ್ರ), ವಿವಿಪ್ಯಾಟ್ (ಒತ್ತಿದ ಮತದ ಚೀಟಿ ತೋರಿಸುವ ಪೆಟ್ಟಿಗೆ) ನಂಬರುಗಳು ನಿಮ್ಮ ಮತಗಟ್ಟೆಗೆ ಹಂಚಿದ ನಂಬರುಗಳೇ ಹೌದೋ ನೋಡಿ. ಒಂದು ಬ್ಯಾಲೆಟ್ ಯೂನಿಟ್‌ನಲ್ಲಿ 16 ಗುಂಡಿ. ನೋಟಾ ಸೇರಿ ಹೆಸರುಗಳು 16 ದಾಟಿದರೆ ಎರಡನೆಯದು ಬೇಕು. ಮರೆಯೂ ಅದಕ್ಕೆ ತಕ್ಕಂತೆ ಅಗಲವಾಗಬೇಕು, ಇದನ್ನು ಮರೆಯುವವರೇ ಹೆಚ್ಚು. ಶಾಯಿ ಬಾಟಲಿ ಸೋರುತ್ತಿಲ್ಲವೇ, ಗುರುತು ಹಾಕುವ ಮತದಾರರ ಪಟ್ಟಿಯ ಪುಟಗಳು ಮೊದಲಿನಿಂದ ಕೊನೆಯವರೆಗೆ ಇವೆಯೇ, ಮತ ಹಾಕಲು ಬಂದವರನ್ನು ಬರೆಯುವ 17ಎ ರಿಜಿಸ್ಟರ್, 20 ಟೆಂಡರ್ ಮತಪತ್ರ, ಹಸಿರು ಕಾಗದದ ಸೀಲು, ಸ್ಪೆಷಲ್ ಟ್ಯಾಗ್, ಅರಗು, ಕಪ್ಪು ಲಕೋಟೆ, ಎಲ್ಲ ಇವೆಯೇ ಎಂದು ನೋಡಿ. ವಿವಿಪ್ಯಾಟ್ ಹಿಂಬದಿಯ ತಿರುಗಣೆ ಸಾಗಾಟದಲ್ಲಿ ಅಡ್ಡಕ್ಕೇ ಇರಬೇಕು. ಅಲ್ಲಿ ಯಾರೋ ಕುತೂಹಲಕ್ಕೆ ತಿರುಗಿಸಿದರೆ ದಾರಿಯ ಕುಲುಕಾಟಕ್ಕೆ ಒಳಗಿನ ಪೇಪರ್ ರೋಲ್ ಸಡಿಲವಾಗಿ ಬೆಳಿಗ್ಗೆ ಯಂತ್ರ ಎರರ್ ತೋರಿಸುತ್ತದೆ.

ಊರು ತಲುಪುವ ಹೊತ್ತಿಗೆ ಸಂಜೆಯಾಗಿರುತ್ತದೆ. ಮತಗಟ್ಟೆ ಅಂದರೆ ಸರ್ಕಾರಿ ಶಾಲೆಯ ಒಂದು ಕೋಣೆ. ಇಲ್ಲೇ ಮೊದಲ ಪರೀಕ್ಷೆ, ಅದು ಊಟದ ರೂಪದಲ್ಲಿ ಬರುತ್ತದೆ. "ಸಾರ್, ದೂರದಿಂದ ಬಂದೀರಿ, ನಮ್ಮನೇಲಿ ರೊಟ್ಟಿ ಮಾಡ್ಸೇವಿ, ಬರ್ರಿ" ಎಂದು ಊರಿನ ಹಿರಿಯರೊಬ್ಬರು ಕರೆಯುತ್ತಾರೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆಯವರಿಂದ ಮಂಡಕ್ಕಿ, ಮೆಣಸಿನಕಾಯಿ ಬರುತ್ತದೆ. ಕರೆಯುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರದಿರಬಹುದು. ಮನೆಗೆ ಬಂದವರಿಗೆ ಊಟ ಹಾಕದೆ ಕಳಿಸುವುದು ಈ ಸೀಮೆಯಲ್ಲಿ ಅವಮಾನ. ಆದರೆ ರಾತ್ರಿ ಯಾರ ಮನೆಯ ರೊಟ್ಟಿ ತಿಂದಿರಿ ಎಂಬುದು ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಿರುತ್ತದೆ. ಬೆಳಿಗ್ಗೆ ಅದೇ ಮನೆಯವರು ಹೆಂಡತಿಯ ಜೊತೆ ಮರೆಯತ್ತ ಹೆಜ್ಜೆ ಹಾಕಿದಾಗ "ನಿಲ್ಲಿ" ಎನ್ನುವ ದನಿ ಗಂಟಲಲ್ಲೇ ಉಳಿಯುತ್ತದೆ. ಉಪ್ಪಿನ ಋಣ ಅಂದರೆ ಇದೇ. ಬಿಸಿಯೂಟದ ಅಡುಗೆಯವರ ಕೈಲಿ ಮಾಡಿಸಿ, ಕೈಯಿಂದ ದುಡ್ಡು ಕೊಟ್ಟು ಉಣ್ಣುವುದು ಎಲ್ಲಕ್ಕಿಂತ ಸುರಕ್ಷಿತ. ಬೇಡ ಎನ್ನುವುದನ್ನು ಗೌರವದಿಂದ, ಎರಡೂ ಕಡೆಯವರಿಗೆ ಒಂದೇ ರೀತಿ ಹೇಳಬೇಕು.

ರಾತ್ರಿಯೇ ಕೋಣೆ ಸಜ್ಜು ಮಾಡಿಕೊಳ್ಳುವುದು ಒಳ್ಳೆಯದು. ಮರೆ ಎಲ್ಲಿಡಬೇಕು ಎಂಬುದಕ್ಕೆ ಅರ್ಧ ಗಂಟೆ ಕೊಡಿ. ಹಿಂದೆ ಕಿಟಕಿ ಇರಕೂಡದು. ಹಳ್ಳಿ ಶಾಲೆಯ ಕಿಟಕಿಗೆ ಬಾಗಿಲಿಲ್ಲದಿದ್ದರೆ ಹಳೆ ಪೇಪರ್ ಅಂಟಿಸಿ. ಇಲ್ಲದಿದ್ದರೆ ಹೊರಗೆ ಸೈಕಲ್ ಮೇಲೆ ಹತ್ತಿ ನಿಂತವನಿಗೂ ಒಳಗಿನದು ಕಾಣುತ್ತದೆ. ಮೇಲೆ ನೇರ ಬಲ್ಬು ಬೇಡ, ಬಿಸಿಲು ಬೀಳುವ ಮೂಲೆಯೂ ಬೇಡ: ವಿವಿಪ್ಯಾಟ್ ಒಳಗಿನ ಸೆನ್ಸರ್‌ಗೆ ಜೋರು ಬೆಳಕು ಆಗದು. ಬ್ಯಾಲೆಟ್ ಯೂನಿಟ್‌ನ ಕೇಬಲ್ ಸುಮಾರು ಐದು ಮೀಟರ್. ಅದು ಮರೆಯ ಹಿಂಬದಿಯಿಂದ ಹೊರಬರಬೇಕು, ಮತದಾರರ ಕಾಲಿಗೆ ಸಿಗಬಾರದು. ವೆಬ್‌ಕಾಸ್ಟಿಂಗ್ ಕ್ಯಾಮೆರಾ ಇದ್ದರೆ ಸರದಿ, ಟೇಬಲ್ಲು, ಮರೆಯ ಹೊರಗಿನ ಮೈ ಕಾಣಲಿ, ಗುಂಡಿ ಒತ್ತುವ ಕೈ ಕಾಣಬಾರದು. ಎಲ್ಲ ಮುಗಿದ ಮೇಲೆ ಒಬ್ಬರು ಮರೆಯ ಒಳಗೆ ನಿಂತು ಕೈಯಾಡಿಸಲಿ, ಉಳಿದವರು ಅಭ್ಯರ್ಥಿಗಳ ಏಜೆಂಟರ ಬೆಂಚು, ಬಾಗಿಲು, ಕಿಟಕಿ, ಮೂರೂ ಕಡೆಯಿಂದ ನೋಡಲಿ. ಮೊಣಕೈ ಯಾವ ಕಡೆ ಅಲ್ಲಾಡಿತು ಎಂಬುದು ಕಂಡರೂ ಸಾಕು, ಮೇಲಿನ ಹೆಸರು ಒತ್ತಿದರೋ ಕೆಳಗಿನದೋ ಎಂದು ಊರಿನವರು ಊಹಿಸುತ್ತಾರೆ.

ಏಳು ಗಂಟೆಗೆ ಮತದಾನ ಅಂದರೆ ಐದೂವರೆಗೆ ಅಣಕು ಮತದಾನ. ಏಜೆಂಟರು ಬಾರದಿದ್ದರೆ 15 ನಿಮಿಷ ಕಾಯಬೇಕು, ಆಮೇಲೆ ಶುರು ಮಾಡಬೇಕು. ಜೋಡಿಸುವ ಮುನ್ನ ಕಂಟ್ರೋಲ್ ಯೂನಿಟ್ ಆಫ್ ಇರಲಿ, ವಿವಿಪ್ಯಾಟ್ ತಿರುಗಣೆ ಈಗ ನೆಟ್ಟಗೆ ನಿಲ್ಲಲಿ. ಕಡಿಮೆಯೆಂದರೆ 50 ಮತ, ಪ್ರತಿ ಅಭ್ಯರ್ಥಿಗೂ ನೋಟಾಕ್ಕೂ ಒಂದಾದರೂ. ಯಾರಿಗೆ ಎಷ್ಟು ಒತ್ತಿದಿರಿ ಎಂದು ಕಾಗದದಲ್ಲಿ ಬರೆದುಕೊಂಡೇ ಒತ್ತಬೇಕು. ಆಮೇಲೆ ಕ್ಲೋಸ್, ರಿಸಲ್ಟ್, ಕ್ಲಿಯರ್, ಇದೇ ಕ್ರಮದಲ್ಲಿ. ಯಂತ್ರದ ಲೆಕ್ಕ, ವಿವಿಪ್ಯಾಟ್ ಚೀಟಿಯ ಲೆಕ್ಕ ಎರಡೂ ಕೂಡಿಬಂದ ಮೇಲೆ ಚೀಟಿಗಳ ಬೆನ್ನಿಗೆ ಅಣಕು ಮತದಾನದ ಮೊಹರು ಒತ್ತಿ ಕಪ್ಪು ಲಕೋಟೆಗೆ ಹಾಕಿ ಅರಗು ಇಡಬೇಕು. ಡ್ಯೂಟಿಯವರು ನಿದ್ದೆಗಣ್ಣಲ್ಲಿ ಮಾಡುವ ಎಲ್ಲಕ್ಕಿಂತ ದೊಡ್ಡ ತಪ್ಪು ಕ್ಲಿಯರ್ ಒತ್ತದೇ ಬಿಡುವುದು. ಆ 50 ಮತ ಒಳಗೇ ಉಳಿದು ಸಂಜೆ 17ಎ ಲೆಕ್ಕಕ್ಕೂ ಯಂತ್ರಕ್ಕೂ ತಾಳೆಯಾಗುವುದಿಲ್ಲ. ಟೋಟಲ್ ಗುಂಡಿ ಒತ್ತಿ ಸೊನ್ನೆ ಬಂದದ್ದನ್ನು ಏಜೆಂಟರಿಗೆ ತೋರಿಸಿದ ಮೇಲೆಯೇ ಹಸಿರು ಸೀಲು.

ಬಾಗಿಲು ತೆರೆದ ಮೇಲೆ ಕೆಲಸ ಮೂರು ಟೇಬಲ್ಲಿನದು. ಮೊದಲನೆಯವರು ಗುರುತಿನ ಚೀಟಿ ನೋಡಿ ಹೆಸರು, ಕ್ರಮಸಂಖ್ಯೆಯನ್ನು ಗಟ್ಟಿಯಾಗಿ ಓದಬೇಕು. ಪಟ್ಟಿಯಲ್ಲಿ ಗಂಡಸರ ಹೆಸರಿನಡಿ ಗೆರೆ, ಹೆಂಗಸರದಾದರೆ ಗೆರೆಯ ಜೊತೆ ಎಡಗಡೆ ಟಿಕ್. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ, 17ಎಯಲ್ಲಿ ಸಹಿ ಅಥವಾ ಹೆಬ್ಬೆಟ್ಟು, ಚೀಟಿ. ಬೆರಳಿಗೆ ಎಣ್ಣೆ ಸವರಿಕೊಂಡು ಬರುವವರಿರುತ್ತಾರೆ, ಮೊದಲು ಬಟ್ಟೆಯಿಂದ ಒರೆಸಿ. ಆ ಶಾಯಿ ನಮ್ಮ ಮೈಸೂರಿನದೇ, 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯದು. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತದೆ. ಅದರೊಳಗಿನ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹತ್ತಿ ಬೆಳಕಿಗೆ ಕಪ್ಪಾಗಲು ಸ್ವಲ್ಪ ಹೊತ್ತು ಬೇಕು. ಆದ್ದರಿಂದ ಮೂರನೆಯವರು ಬ್ಯಾಲೆಟ್ ಗುಂಡಿ ಒತ್ತುವ ಮುನ್ನ ಬೆರಳನ್ನು ಮತ್ತೊಮ್ಮೆ ನೋಡಬೇಕು.

ಹೆಸರು ಕೂಗುವ ಕ್ರಿಯೆ ಸಣ್ಣದಲ್ಲ. ನಮ್ಮ ಕಡೆಯ ಹಿರಿಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. "ಗಂಡನ ಹೆಸರೇನಮ್ಮ?" ಎಂದು ಒತ್ತಾಯಿಸಿದರೆ ಅವರು ಸೆರಗು ಬಾಯಿಗಿಟ್ಟು ಹಿಂದಿರುವವರ ಮುಖ ನೋಡುತ್ತಾರೆ, ಆಗ ಉತ್ತರ ಹೇಳಲು ಮಗನೋ ಮೈದುನನೋ ಮುಂದೆ ಬರುತ್ತಾನೆ, ಅಲ್ಲಿಂದ ಅವನು ಅವರ ಜೊತೆಯಲ್ಲೇ ಹೆಜ್ಜೆ ಹಾಕುತ್ತಾನೆ. ನೀವೇ ಪಟ್ಟಿಯಿಂದ ಓದಿ, ಹೌದೇನಮ್ಮ ಎನ್ನಿ. ಅವರು ತಲೆಯಾಡಿಸಿದರೆ ಸಾಕು, ಏಜೆಂಟರ ಆಕ್ಷೇಪ ಇಲ್ಲದಿದ್ದರೆ ಮುಂದೆ ಹೋಗಲಿ. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿ ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರ ಹೆಸರುಗಳು ಪಟ್ಟಿಯಿಂದ ಬಿದ್ದುಹೋದವು, ಹೆಚ್ಚಿನವು ಉತ್ತರದ ರಾಜ್ಯಗಳಲ್ಲಿ. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಸ್ವಂತ ಹೆಸರಿಲ್ಲದ ನಮೂದು ಒಪ್ಪಲಿಲ್ಲ. ಕಠೋರ ತೀರ್ಮಾನ, ಆದರೆ ಮುಂದಿನ ಚುನಾವಣೆಗಳಲ್ಲಿ ಹೆಂಗಸರ ಹೆಸರುಗಳು ಪಟ್ಟಿಗೆ ಬಂದದ್ದು ಅದರಿಂದಲೇ. ಮನೆಯಲ್ಲಿ ಇವಳೇ, ಅವ್ವಾ, ಅತ್ತಿಗೆ ಎಂದಷ್ಟೇ ಕರೆಸಿಕೊಳ್ಳುವವರ ಪೂರ್ತಿ ಹೆಸರನ್ನು ಊರಿನ ಗಂಡಸರ ಎದುರು ಸರ್ಕಾರದ ಪರವಾಗಿ ಗಟ್ಟಿಯಾಗಿ ಓದುವುದು ಐದು ವರ್ಷದಲ್ಲಿ ಎರಡು ಮೂರು ಸಲ ಮಾತ್ರ. ಗೊಣಗಬೇಡಿ, ಸ್ಪಷ್ಟವಾಗಿ ಓದಿ.

ಇನ್ನು ದಿನದ ಮುಖ್ಯ ಜಗ್ಗಾಟ. "ಅವಳಿಗೆ ಗೊತ್ತಾಗಲ್ಲ ಸಾರ್, ನಾನೇ ಒತ್ತಿಸ್ತೀನಿ." ಈ ಮಾತು ಒಂದು ದಿನದಲ್ಲಿ ಹತ್ತಾರು ಸಲ ಬರುತ್ತದೆ. 2024ರ ಮೇ 7ರಂದು ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ ಎರಡು ದೊಡ್ಡ ಪಕ್ಷಗಳ ಅಭ್ಯರ್ಥಿಗಳೂ ಹೆಂಗಸರೇ ಆಗಿದ್ದರು. ಯಂತ್ರದ ಮೇಲೆ ಹೆಂಗಸರ ಹೆಸರಿದ್ದಾಗಲೂ ಯಂತ್ರದ ಮುಂದೆ ನಿಂತ ಹೆಂಗಸಿಗೆ ತಿಳಿಯದು ಎನ್ನುವ ಅಭ್ಯಾಸ ಹೋಗುವುದಿಲ್ಲ. ನಿಯಮ ಇಲ್ಲಿ ಚೆನ್ನಾಗಿದೆ, ಬಾಯಿಪಾಠ ಇರಬೇಕು. 1961ರ ಚುನಾವಣಾ ನಿಯಮಗಳ 49ಎನ್ ಪ್ರಕಾರ ಸಹಾಯಕರನ್ನು ಒಳಗೆ ಬಿಡುವುದು ಕಣ್ಣು ಕಾಣದೆ ಚಿಹ್ನೆ ಗುರುತಿಸಲಾಗದವರಿಗೆ, ಅಥವಾ ಮೈಯ ನ್ಯೂನತೆಯಿಂದ ಗುಂಡಿ ಒತ್ತಲಾಗದವರಿಗೆ ಮಾತ್ರ. ಓದು ಬರದಿರುವುದು ಕಾರಣವಲ್ಲ. ವಯಸ್ಸಾಗಿದೆ ಎಂಬುದಷ್ಟೇ ಕಾರಣವಲ್ಲ. ಸಹಾಯಕರಿಗೆ 18 ತುಂಬಿರಬೇಕು. ಆ ದಿನ ಒಬ್ಬರಿಗಷ್ಟೇ ಸಹಾಯ ಮಾಡುತ್ತೇನೆ, ಗುಟ್ಟು ಬಿಡುವುದಿಲ್ಲ ಎಂದು ಬರೆದುಕೊಡಬೇಕು. 14ಎ ನಮೂನೆಯಲ್ಲಿ ಅವರ ಹೆಸರು ಸೇರಬೇಕು. ಈ 14ಎ ಹಾಳೆ ಹೊರತೆಗೆದು ಮೇಜಿನ ಮೇಲೆ ಇಟ್ಟ ಕೂಡಲೇ ಅರ್ಧದಷ್ಟು "ಸಹಾಯಕರು" ಹಿಂದೆ ಸರಿಯುತ್ತಾರೆ. ಬಾಯಿಮಾತಿನ ಅಧಿಕಾರಕ್ಕೆ ಸಹಿಯ ಭಯ ಇದ್ದೇ ಇರುತ್ತದೆ.

ನಡೆಯಲಾಗದ ಆದರೆ ಕಣ್ಣು ಕೈ ಗಟ್ಟಿ ಇರುವ ಅಜ್ಜಿಯನ್ನು ಮೊಮ್ಮಗ ಹಿಡಿದು ಕರೆತಂದರೆ ಮರೆಯವರೆಗೆ ಬರಲಿ, ಒಳಗೆ ಬೇಡ. ಒತ್ತುವುದು ಹೇಗೆಂದು ತಿಳಿಯದಿದ್ದರೆ ರಟ್ಟಿನ ಮಾದರಿ ಯಂತ್ರ ಕೊಟ್ಟಿರುತ್ತಾರೆ, ಅದನ್ನು ಏಜೆಂಟರಿಗೆ ಕಾಣುವಂತೆ ಮರೆಯ ಹೊರಗೆ ಹಿಡಿದು ತೋರಿಸಿ: "ಅಜ್ಜಿ, ನಿಮಗೆ ಬೇಕಾದ ಚಿತ್ರದ ಪಕ್ಕ ನೀಲಿ ಗುಂಡಿ. ಗಟ್ಟಿ ಒತ್ರಿ. ಕೆಂಪು ದೀಪ ಹತ್ತುತ್ತೆ. ಪಕ್ಕದ ಪೆಟ್ಟಿಗೆ ಗಾಜಲ್ಲಿ ಚೀಟಿ ಕಾಣುತ್ತೆ. ಉದ್ದಕ್ಕೆ ಕೂಗೋವರೆಗೂ ಅಲ್ಲೇ ನಿಂದಿರ್ರಿ." ಚೀಟಿ ಕಾಣುವುದು ಏಳು ಸೆಕೆಂಡು. ಕಣ್ಣು ಕಾಣದವರಿಗೆ ಗುಂಡಿಯ ಬದಿಯಲ್ಲಿ ಬ್ರೈಲ್ ಅಂಕಿ ಇದೆ ಎಂದು ಹೇಳಿ, ಒಬ್ಬರೇ ಹಾಕಲು ಬಯಸುವವರಿದ್ದಾರೆ. ತಂಡದವರು ಯಾರೂ ಸಹಾಯಕರಾಗುವಂತಿಲ್ಲ. ಸರದಿ ಉದ್ದವಾಗಿ, ಬಿಸಿಲು ಏರಿ, ಹೊರಗೆ ಗದ್ದಲ ಶುರುವಾದಾಗ ನಾವೇ ಒಳಗೆ ಹೋಗಿ ಬೆರಳು ತೋರಿಸಿಬಿಡೋಣ ಎನ್ನುವ ಆಸೆ ಹುಟ್ಟುತ್ತದೆ. ಇದರ ಬಗ್ಗೆ ಎಚ್ಚರಿಸದೆ ಇರಲಾರೆವು: ಒಂದು ದಿನದ ಮಟ್ಟಿಗೆ ಕೈಗೆ ಬಂದ ಅಧಿಕಾರ ತುಂಬ ಬೇಗ ತಲೆಗೇರುತ್ತದೆ. ಬೆಳಿಗ್ಗೆ ಏಳಕ್ಕೆ "ಅಮ್ಮ, ಬರ್ರಿ" ಎಂದವರು ಮಧ್ಯಾಹ್ನ ಎರಡಕ್ಕೆ "ಏಯ್, ಬೇಗ" ಎನ್ನುತ್ತಾರೆ. ಗದರಿಸಿಕೊಂಡವರ ಕೈ ನಡುಗುತ್ತದೆ, ನಡುಗಿದವರು ಯಾರನ್ನಾದರೂ ಕರೆಯುತ್ತಾರೆ, ಕರೆದವರು ಒಳಗೆ ಬರುತ್ತಾರೆ. ಮರೆ ಬೀಳುವುದು ಹೀಗೆ. ಪಿಆರ್‌ಓ ಮರೆಯ ಕಡೆ ಹೋಗಬಹುದಾದದ್ದು ಯಂತ್ರಕ್ಕೆ ಏನೋ ಮಾಡುತ್ತಿದ್ದಾರೆ ಎಂಬ ಅನುಮಾನ ಬಂದಾಗ, ಇಲ್ಲವೇ ಯಾರಾದರೂ ಬಹಳ ಹೊತ್ತು ಹೊರಬಾರದಿದ್ದಾಗ. ಆಗಲೂ ಏಜೆಂಟರನ್ನು ಜೊತೆಗೆ ಕರೆಯಬೇಕು.

ಬೀಪ್ ಕೇಳಿಸದೆ ಮತದಾರರು ಹೊರಟುಹೋದರೆ ಕಂಟ್ರೋಲ್ ಯೂನಿಟ್‌ನ ಬ್ಯುಸಿ ದೀಪ ಆರುವುದಿಲ್ಲ. ಮೂರನೆಯವರು ತಕ್ಷಣ ಕರೆದು ವಾಪಸ್ ಕಳಿಸಬೇಕು. ಗಂಟೆಗೊಮ್ಮೆಯಾದರೂ 17ಎಯ ಕೊನೆಯ ಕ್ರಮಸಂಖ್ಯೆ ಮತ್ತು ಟೋಟಲ್ ತಾಳೆ ನೋಡಿ. ಸಂಜೆ ನೋಡಿದರೆ ಎಲ್ಲಿ ತಪ್ಪಿತು ಎಂದು ಹುಡುಕಲಾಗದು. ತನ್ನ ಹೆಸರಲ್ಲಿ ಆಗಲೇ ಯಾರೋ ಮತ ಹಾಕಿ ಹೋಗಿದ್ದಾರೆ ಎಂದು ಗೊತ್ತಾದವರನ್ನು ಬರಿಗೈಲಿ ಕಳಿಸಬಾರದು. ಗುರುತು ಖಾತ್ರಿಯಾದರೆ ಟೆಂಡರ್ ಮತಪತ್ರ ಕೊಟ್ಟು, 17ಬಿಯಲ್ಲಿ ಬರೆಸಿ, ಬಾಣದ ಗುರುತಿನ ಮೊಹರು ಕೊಟ್ಟು ಮರೆಯೊಳಗೇ ಕಳಿಸಿ. ಇನ್ನು ಏಜೆಂಟರೊಬ್ಬರು ಈ ಮನುಷ್ಯ ಅವನಲ್ಲ ಎಂದು ಸವಾಲು ಹಾಕಿದರೆ ಎರಡು ರೂಪಾಯಿ ಠೇವಣಿ ಕಟ್ಟಿಸಿಕೊಂಡೇ ವಿಚಾರಣೆ ಮಾಡಬೇಕು.

ಮೊಬೈಲ್ ವಿಷಯದಲ್ಲಿ ದಾಕ್ಷಿಣ್ಯ ಬೇಡವೇ ಬೇಡ. ಮತ ಕೊಂಡವನಿಗೆ ಇರುವ ದೊಡ್ಡ ತೊಂದರೆ ಏನೆಂದರೆ, ದುಡ್ಡು ತಗೊಂಡವರು ಒಳಗೆ ಯಾವ ಗುಂಡಿ ಒತ್ತಿದರು ಎಂದು ಅವನಿಗೆ ತಿಳಿಯುವುದಿಲ್ಲ. ಆ ತಿಳಿಯದ ಜಾಗವನ್ನು ತುಂಬಲೆಂದೇ ಹಿಂದಿನ ರಾತ್ರಿ ಆಣೆ ಪ್ರಮಾಣಗಳು ನಡೆಯುವುದು: ಮನೆದೇವರ ಭಂಡಾರ ಮುಟ್ಟಿಸುವುದು, ಮಕ್ಕಳ ತಲೆ ಮೇಲೆ ಕೈ ಇಡಿಸುವುದು. ಒಬ್ಬ ಮತದಾರ ಒಳಗೆ ಫೋಟೋ ತೆಗೆದುಕೊಂಡು ಹೊರಬರಲು ಸಾಧ್ಯವಾದ ಕ್ಷಣ ಆಣೆಯ ಅಗತ್ಯವೂ ಉಳಿಯುವುದಿಲ್ಲ. ಫೋಟೋ ತೋರಿಸಿ ದುಡ್ಡು ತಗೋ ಎನ್ನುವ ವ್ಯಾಪಾರ ಶುರುವಾಗುತ್ತದೆ. ತೋರಿಸಲು ಬಯಸದವರನ್ನೂ ತೋರಿಸು ಎಂದು ಕೇಳಬಹುದು. ಅಂದರೆ ಗುಟ್ಟು ಬರೀ ಹಕ್ಕಾಗಿದ್ದರೆ ಸಾಲದು, ಯಾರೂ ಬಿಟ್ಟುಕೊಡಲಾಗದ ಕಟ್ಟಳೆಯಾಗಿರಬೇಕು. 49ಎಂ ನಿಯಮ ಹಾಗೇ ಇದೆ. ಎಚ್ಚರಿಸಿದ ಮೇಲೂ ಗುಟ್ಟಿನ ಕ್ರಮ ಪಾಲಿಸದವರಿಗೆ ಮತ ಹಾಕಲು ಬಿಡದೆ 17ಎಯಲ್ಲಿ ಹಾಗೆಂದು ಬರೆದು ಪಿಆರ್‌ಓ ಸಹಿ ಮಾಡಬೇಕು. ಗುಟ್ಟು ಹೊರಬಿಟ್ಟ ಸಿಬ್ಬಂದಿಗೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 128ನೇ ಕಲಮಿನಡಿ ಮೂರು ತಿಂಗಳವರೆಗೆ ಜೈಲು. ಅದೇ ಕಾಯ್ದೆಯ 94ನೇ ಕಲಮು ಯಾರಿಗೆ ಮತ ಹಾಕಿದಿರಿ ಎಂದು ನ್ಯಾಯಾಲಯವೂ ಸಾಕ್ಷಿಯನ್ನು ಬಲವಂತ ಮಾಡದಂತೆ ಕಾಯುತ್ತದೆ. ಜಡ್ಜ್ ಸಾಹೇಬರಿಗೂ ಕೇಳುವ ಹಕ್ಕಿಲ್ಲದ ಪ್ರಶ್ನೆಯನ್ನು ಮನೆಯ ಪಡಸಾಲೆಯಲ್ಲಿ ಸಲೀಸಾಗಿ ಕೇಳುತ್ತಾರೆ.

ನೋಟಾ ಬಂದದ್ದೂ ಇದೇ ಕಾರಣಕ್ಕೆ ಎಂಬುದನ್ನು ಬಹಳ ಜನ ಮರೆತಿದ್ದಾರೆ. ಮೊದಲು ಯಾರಿಗೂ ಮತ ಹಾಕುವುದಿಲ್ಲ ಎನ್ನುವವರು 49ಒ ನಿಯಮದಂತೆ ರಿಜಿಸ್ಟರ್‌ನಲ್ಲಿ ಎಲ್ಲರೆದುರು ಹಾಗೆಂದು ಬರೆಸಬೇಕಿತ್ತು. ಏಜೆಂಟರಿಗೆಲ್ಲ ಗೊತ್ತಾಗುತ್ತಿತ್ತು. 2013ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್, ಬೇಡ ಎನ್ನುವವರಿಗೂ ಗುಟ್ಟಿನ ರಕ್ಷಣೆ ಬೇಕು ಎಂದು ಹೇಳಿ ಯಂತ್ರದಲ್ಲೇ ಗುಂಡಿ ಕೊಡಿಸಿತು.

ಮನೆಯಿಂದಲೇ ಮತ ಹಾಕುವ ಸೌಲಭ್ಯ ಕರ್ನಾಟಕಕ್ಕೆ 2023ರ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದವರಿಗೆ ಬಂತು, 2024ರಲ್ಲಿ ವಯಸ್ಸು 85ಕ್ಕೆ ಏರಿತು; 40 ಶೇಕಡಾಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೂ ಇದೆ. 12ಡಿ ನಮೂನೆಯ ಅರ್ಜಿ ಕೊಟ್ಟವರ ಮನೆಗೆ ಸಿಬ್ಬಂದಿ, ಪೊಲೀಸು, ವಿಡಿಯೋದವರು ಕಾಗದದ ಮತಪತ್ರ ಹಿಡಿದು ಹೋಗುತ್ತಾರೆ. ಒಳ್ಳೆಯ ಸೌಲಭ್ಯ, ಆದರೆ ಎಲ್ಲಕ್ಕಿಂತ ಕಷ್ಟದ ಮರೆ ಕಟ್ಟುವುದು ಇಲ್ಲಿಯೇ. ಶಾಲೆಯ ಕೋಣೆ ಸರ್ಕಾರದ್ದು, ಅಲ್ಲಿ ಮಗನನ್ನು ಹೊರಗೆ ನಿಲ್ಲಿ ಎನ್ನಬಹುದು. ಮನೆ ಮಗನದು. ಅಜ್ಜಿಗೆ ಊಟ ಹಾಕುವವರು, ಮಾತ್ರೆ ಕೊಡುವವರು, ಆಸ್ಪತ್ರೆಗೆ ಒಯ್ಯುವವರು ಅವರೇ. ಅವರನ್ನು ಹೊರಗೆ ಕಳಿಸಿ ಎಂದರೆ ಅಜ್ಜಿಯೇ "ಇರ್ಲಿ ಬಿಡ್ರಿ, ನಮ್ಮ ಹುಡುಗ" ಎನ್ನುತ್ತಾರೆ. ಆದರೂ ಎಲ್ಲರನ್ನೂ ಅಂಗಳಕ್ಕೆ ಕಳಿಸಿ, ಮರೆಯನ್ನು ಮಂಚದ ಮೇಲೆಯೇ ಇಟ್ಟು, ನಾವೂ ಮುಖ ತಿರುಗಿಸಿ ನಿಲ್ಲಬೇಕು. ವಿಡಿಯೋ ನಿಂತಿರಬೇಕಾದದ್ದು ಲಕೋಟೆ ಅಂಟಿಸುವ ಕಡೆ, ಪೆನ್ನಿನ ಕಡೆ ಅಲ್ಲ.

ಸಂಜೆ ಆರಕ್ಕೆ ಸರದಿಯಲ್ಲಿ ನಿಂತವರಿಗೆಲ್ಲ ಪಿಆರ್‌ಓ ಸಹಿ ಮಾಡಿದ ಚೀಟಿ ಕೊಡಬೇಕು. ಒಂದನೇ ನಂಬರು ಕೊನೆಯಲ್ಲಿ ನಿಂತವರಿಗೆ, ಅಲ್ಲಿಂದ ಮುಂದಕ್ಕೆ. ಹೀಗೆ ಹಿಂದಿನಿಂದ ಹಂಚಿದರೆ ಆಮೇಲೆ ಬಂದವರು ಬಾಲಕ್ಕೆ ಸೇರಲಾಗದು. ಕೊನೆಯವರೂ ಹಾಕಿದ ಮೇಲೆ ಕ್ಲೋಸ್ ಒತ್ತಿ, ಟೋಟಲ್ ಬರೆದುಕೊಂಡು, ಕಂಟ್ರೋಲ್ ಯೂನಿಟ್ ಆಫ್ ಮಾಡಿ, ಕೇಬಲ್ ಬಿಚ್ಚಿ, ವಿವಿಪ್ಯಾಟ್ ತಿರುಗಣೆ ಮತ್ತೆ ಅಡ್ಡಕ್ಕೆ ತನ್ನಿ. 17ಸಿ ನಮೂನೆಯನ್ನು ಅವಸರದಲ್ಲಿ ತುಂಬಬೇಡಿ. ಒಟ್ಟು ಮತದಾರರು, 17ಎ ಪ್ರಕಾರ ಬಂದವರು, ಮತ ಹಾಕದೆ ಹೋದವರು, ಯಂತ್ರದ ಟೋಟಲ್, ಸೀಲುಗಳ ನಂಬರು. ಅದರ ನಕಲನ್ನು ಹಾಜರಿರುವ ಪ್ರತಿ ಏಜೆಂಟರಿಗೂ ಕೊಟ್ಟು ಸಹಿ ತಗೊಳ್ಳಿ. ನಡುರಾತ್ರಿ ಯಂತ್ರ, ಕಾಗದ ಒಪ್ಪಿಸುವ ಡಿ-ಮಸ್ಟರಿಂಗ್ ಕೌಂಟರಿನಲ್ಲಿ ತಂಡಗಳನ್ನು ವಾಪಸ್ ಕಳಿಸುವುದು ಹೆಚ್ಚಾಗಿ 17ಸಿ ತಪ್ಪಿಗೆ, ಪಿಆರ್‌ಓ ಡೈರಿ ಅರ್ಧಕ್ಕೆ ಬಿಟ್ಟದ್ದಕ್ಕೆ. ಕಿಟಕಿಗೆ ಅಂಟಿಸಿದ ಪೇಪರ್ ಕಿತ್ತು ಕೋಣೆ ಗುಡಿಸಿ ಹೊರಡಿ, ಅದು ಮಕ್ಕಳ ಶಾಲೆ.

ಇಷ್ಟೆಲ್ಲ ಕಾಯ್ದ ಗುಟ್ಟು ಒಂದು ಕಡೆ ಸೋರುತ್ತದೆ. ಎಣಿಕೆಯ ದಿನ 20ನೇ ನಮೂನೆಯಲ್ಲಿ ಪ್ರತಿ ಮತಗಟ್ಟೆಯ ಮತ ಬೇರೆ ಬೇರೆ ಬರೆಯುತ್ತಾರೆ. ಎರಡು ಮೂರು ನೂರು ಮತಗಳ ಸಣ್ಣ ಊರಿಗೆ, ಒಂದೇ ಜಾತಿಯ ಹಟ್ಟಿಗೆ ಒಂದು ಮತಗಟ್ಟೆ ಇದ್ದರೆ ಆ ಊರು ಯಾರ ಕಡೆ ಎಂಬುದು ಅಂಕಿಯಲ್ಲೇ ಬರುತ್ತದೆ. ಕಾಗದದ ಮತಪತ್ರದ ಕಾಲದಲ್ಲಿ ಆಯೋಗ ಹೇಳಿದ ಕಡೆ ಹಲವು ಪೆಟ್ಟಿಗೆಗಳ ಮತಪತ್ರ ಬೆರೆಸಿ ಎಣಿಸಲು 59ಎ ನಿಯಮ ಇತ್ತು. ಯಂತ್ರ ಬಂದ ಮೇಲೆ ಆ ದಾರಿ ಮುಚ್ಚಿತು. 14 ಮತಗಟ್ಟೆಗಳ ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿ ಒಟ್ಟು ಮೊತ್ತ ಮಾತ್ರ ತೋರಿಸುವ ಟೋಟಲೈಜರ್ ಎಂಬ ಉಪಕರಣವನ್ನು ಚುನಾವಣಾ ಆಯೋಗ 2008ರಲ್ಲೇ ಪ್ರಸ್ತಾಪಿಸಿತ್ತು. 2015ರಲ್ಲಿ ಕಾನೂನು ಆಯೋಗದ 255ನೇ ವರದಿಯೂ ಬೇಕು ಎಂದಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ನಿಮ್ಮ ಊರಿಂದ ನಮಗೆ ಎಷ್ಟು ಬಂತು ಎಂದು ಕೇಳಿ ಬೋರ್‌ವೆಲ್, ರಸ್ತೆ ಲೆಕ್ಕ ಹಾಕುವವರಿಗೆ ಆ ಹಾಳೆ ಬೇಕು.

ಯಂತ್ರಕ್ಕೆ ಸೀಲು ಹಾಕುವಾಗ ಬಾಗಿಲ ಬಳಿ ನಿಂತವರಲ್ಲಿ ಒಬ್ಬರಾದರೂ ಕೇಳುತ್ತಾರೆ, "ಸಾರ್, ನಮ್ಮ ಹಟ್ಟಿ ಓಟು ಬೇರೆ ಊರಿನ ಓಟಿನ ಸಂಗಡ ಬೆರೆಸ್ತೀರಲ್ಲ?" ಸಮಾಧಾನಕ್ಕೆಂದು ಹೌದು ಎನ್ನಬೇಡಿ. ಇಲ್ಲ ಎಂದೇ ಹೇಳಿ.